ಕೊನೆಯ ಆರೈಕೆಗೂ ಲೆಕ್ಕ ಬೇಕು

ಹೈದರಾಬಾದಿನ ಸನತ್‌ನಗರ ಕಾರ್ಮಿಕರ ಪ್ರದೇಶ. 1942ರಲ್ಲಿ ಹುಟ್ಟಿದ ಹೈದರಾಬಾದ್ ಆಲ್ವಿನ್‌ನಂಥ ಕಾರ್ಖಾನೆಗಳು ಇಲ್ಲಿ ಬೆಳೆದು, ಬಾಳಿ, ಮುಚ್ಚಿಹೋದವು. ಕಾರ್ಮಿಕರಿಗೆಂದು ಕಟ್ಟಿದ ಇಎಸ್‌ಐ ಆಸ್ಪತ್ರೆ ಮಾತ್ರ ಉಳಿಯಿತು, ದೊಡ್ಡದಾಯಿತು, ವೈದ್ಯಕೀಯ ಕಾಲೇಜೂ ಆಯಿತು. ಮೆಟ್ರೊ ನಿಲ್ದಾಣವೊಂದಕ್ಕೆ ಅದರದೇ ಹೆಸರು. ತಿಂಗಳಿಗೆ 21,000 ರೂಪಾಯಿ ಮೀರದ ಸಂಬಳದಲ್ಲಿ ಇಎಸ್‌ಐ ವಿಮೆಯ ಕಂತು ಕಟ್ಟುವ ಮನೆಗಳು ಕಾಯಿಲೆ ಬಂದರೆ ನೆಚ್ಚಿಕೊಳ್ಳುವುದು ಇಂಥ ಆಸ್ಪತ್ರೆಗಳನ್ನು. ಇಲ್ಲಿಗಾಗಲಿ, ನಗರದ ಬೇರೆ ಯಾವುದೇ ಆಸ್ಪತ್ರೆಗಾಗಲಿ ಬರುವ ರೋಗಿಗಳಲ್ಲಿ ಒಂದಿಷ್ಟು ಜನರಿಗೆ ಕಾಯಿಲೆ ವಾಸಿಯಾಗುವ ಹಂತ ದಾಟಿರುತ್ತದೆ. ‘ಇನ್ನು ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ’ ಎಂಬ ಮಾತು ಕೇಳಿದ ದಿನದಿಂದ ಆ ಮನೆಯವರ ಮುಂದೆ ಹೊಸ ಪ್ರಶ್ನೆ ನಿಲ್ಲುತ್ತದೆ. ನೋವು ತಿನ್ನುತ್ತಿರುವ ಈ ಜೀವವನ್ನು ಕೊನೆಯವರೆಗೆ ಯಾರ ಕೈಗೆ ಒಪ್ಪಿಸುವುದು? ಹೈದರಾಬಾದ್ ಈ ವಿಷಯದಲ್ಲಿ ಎಷ್ಟೋ ಊರುಗಳಿಗಿಂತ ವಾಸಿ. ರೆಡ್ ಹಿಲ್ಸ್‌ನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನೋವು, ಸಂಕಟ ಇಳಿಸುವ ಉಪಶಾಮಕ ಆರೈಕೆಯ ವಿಭಾಗವಿದೆ. ಬಂಜಾರಾ ಹಿಲ್ಸ್ ರೋಟರಿಯವರು ಕೊನೆಗಾಲದ ರೋಗಿಗಳಿಗೆಂದು 2011ರಲ್ಲಿ ಆರಂಭಿಸಿದ ಸ್ಪರ್ಶ್ ಹಾಸ್ಪಿಸ್ ಈಗ ಖಾಜಾಗುಡದಲ್ಲಿದೆ, ಹಣ ಪಡೆಯುವುದಿಲ್ಲ. ತೆಲಂಗಾಣ ಸರ್ಕಾರದ ತಂಡಗಳು ಮನೆಗೇ ಹೋಗಿ ನೋಡಿಕೊಳ್ಳುವ ವ್ಯವಸ್ಥೆಯೂ ಇದೆ. ಇದರ ಜೊತೆಗೆ, ದುಡ್ಡು ತೆಗೆದುಕೊಂಡು ‘ಮನೆಯಲ್ಲೇ ಐಸಿಯು’ ಕೊಡುತ್ತೇವೆನ್ನುವ ಕಂಪನಿಗಳು ಎಲ್ಲ ಮಹಾನಗರಗಳಲ್ಲೂ ಬಂದಿವೆ. ಇವುಗಳಲ್ಲಿ ಯಾವುದರ ಆರೈಕೆ ಹೇಗಿದೆ ಎಂದು ತಿಳಿಯಲು ಆ ಮನೆಯವರಿಗೆ ಇರುವ ಆಧಾರವೇನು? ಯಾರೋ ಹೇಳಿದ ಒಳ್ಳೆಯ ಮಾತು, ಕಟ್ಟಡದ ಫೋಟೊ, ಇಷ್ಟೇ.

ಬೇರೆ ಯಾವ ಚಿಕಿತ್ಸೆಗೂ ಇಲ್ಲದ ಒಂದು ತೊಡಕು ಕೊನೆಗಾಲದ ಆರೈಕೆಗಿದೆ. ಕಣ್ಣಿನ ಪೊರೆ ತೆಗೆಸಿಕೊಂಡವರು ಆಪರೇಷನ್ ಕೆಟ್ಟರೆ ಊರೆಲ್ಲ ಹೇಳುತ್ತಾರೆ. ಹಾಸ್ಪಿಸ್‌ನ ರೋಗಿ ದೂರು ಹೇಳಲು ಉಳಿಯುವುದಿಲ್ಲ. ಉಳಿದವರು ತಿಥಿ, ಸಾಲ, ಪಿಂಚಣಿ ಕಾಗದಗಳಲ್ಲಿ ಮುಳುಗಿರುತ್ತಾರೆ. ಜೊತೆಗೆ, ಪುಕ್ಕಟೆಯಾಗಿ ನೋಡಿಕೊಂಡವರ ಬಗ್ಗೆ ತಪ್ಪು ಎತ್ತಿ ಆಡುವುದು ನಮ್ಮಲ್ಲಿ ಕೃತಘ್ನತೆಯಂತೆ ಕಾಣುತ್ತದೆ. ಹೀಗಾಗಿ ಒಳ್ಳೆಯ ಹಾಸ್ಪಿಸ್‌ಗೂ ಕಳಪೆ ಹಾಸ್ಪಿಸ್‌ಗೂ ಹೊರಗಿನಿಂದ ಒಂದೇ ಬಗೆಯ ಹೊಗಳಿಕೆ ಸಿಗುತ್ತದೆ. ನನ್ನ ವಾದ ಇಷ್ಟು: ಕೊನೆಗಾಲದ ಆರೈಕೆ ಕೊಡುವ ಪ್ರತಿ ಸಂಸ್ಥೆ, ಅದು ಸರ್ಕಾರದ್ದಿರಲಿ, ಧರ್ಮಾರ್ಥದ್ದಿರಲಿ, ವ್ಯಾಪಾರದ್ದಿರಲಿ, ರೋಗಿಯ ನೋವು ಎಷ್ಟು ಬೇಗ ಇಳಿಯಿತು ಎಂಬ ಲೆಕ್ಕವನ್ನೂ ಕಳೆದುಕೊಂಡ ಮನೆಯವರು ಕೊಟ್ಟ ಉತ್ತರಗಳನ್ನೂ ಸಾರ್ವಜನಿಕರ ಮುಂದಿಡಬೇಕು. ಹಾಸಿಗೆಗಳ ಸಂಖ್ಯೆ, ತೋಟ, ಪ್ರಾರ್ಥನಾ ಮಂದಿರ, ದಾನಿಗಳ ಫಲಕ ಇವೆಲ್ಲ ಆಮೇಲಿನ ಮಾತು.

ನೋವಿನಿಂದಲೇ ಶುರುಮಾಡುವುದಕ್ಕೆ ಕಾರಣವಿದೆ. ಲಂಡನ್ನಿನಲ್ಲಿ 1967ರಲ್ಲಿ ಸಿಸಿಲಿ ಸಾಂಡರ್ಸ್ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದಾಗ ಆಧುನಿಕ ಹಾಸ್ಪಿಸ್‌ಗೆ ಬುನಾದಿಯಾದದ್ದು ಕರುಣೆ ಮಾತ್ರವೇ ಅಲ್ಲ, ಬಾಯಿಂದ ಕೊಡುವ ಮಾರ್ಫಿನ್ ಕೂಡ. ನೋವು ಬಂದ ಮೇಲೆ ಕೊಡುವ ಬದಲು ಹೊತ್ತು ಹೊತ್ತಿಗೆ, ನಾಲ್ಕು ಗಂಟೆಗೊಮ್ಮೆ ಕೊಟ್ಟರೆ ರೋಗಿ ಎಚ್ಚರವಾಗಿಯೂ ನೆಮ್ಮದಿಯಾಗಿಯೂ ಇರಬಲ್ಲ ಎಂಬುದು ಅಲ್ಲಿಂದ ಜಗತ್ತಿಗೆ ತಿಳಿಯಿತು. ನಮ್ಮ ದೇಶ ಔಷಧಕ್ಕೆಂದು ಅಫೀಮು ಬೆಳೆಯುವ ದೇಶ. ಆದರೂ 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದಾಗಿ ಮುಂದಿನ ಒಂದು ದಶಕದಲ್ಲಿ ಭಾರತದಲ್ಲಿ ಮಾರ್ಫಿನ್ ಬಳಕೆ ಶೇ 90ಕ್ಕಿಂತ ಹೆಚ್ಚು ಕುಸಿಯಿತು. ಲೈಸೆನ್ಸ್‌ನ ಗೋಜಲಿಗೆ ಹೆದರಿ ಆಸ್ಪತ್ರೆಗಳು ಆ ಮಾತ್ರೆಯನ್ನು ತರಿಸುವುದನ್ನೇ ಬಿಟ್ಟವು. ಮಾರ್ಫಿನ್ ಬರೆದು ಗೊತ್ತಿಲ್ಲದ ವೈದ್ಯರ ಒಂದು ತಲೆಮಾರೇ ಓದಿ ಹೊರಬಂತು. 2014ರಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಸೇರಿದಂತೆ ಆರು ಅಗತ್ಯ ಔಷಧಗಳನ್ನು ಒಂದೇ ಅನುಮತಿಯಲ್ಲಿ ಇಟ್ಟುಕೊಳ್ಳಲು ದಾರಿ ಮಾಡಿತು. ಆದ್ದರಿಂದ ಇವತ್ತು ಯಾವುದೇ ಸಂಸ್ಥೆಯನ್ನು ಕೇಳಬೇಕಾದ ಮೊದಲ ಪ್ರಶ್ನೆ ಸರಳವಾಗಿದೆ: ನಿಮಗೆ ಆ ಮಾನ್ಯತೆ ಇದೆಯೇ, ಕಳೆದ ವರ್ಷ ನಿಮ್ಮಲ್ಲಿ ಮಾರ್ಫಿನ್ ಮಾತ್ರೆ ಎಷ್ಟು ದಿನ ಖಾಲಿಯಾಗಿತ್ತು? ಇದಕ್ಕೆ ಉತ್ತರ ಸ್ಟಾಕ್ ಪುಸ್ತಕದಲ್ಲೇ ಇರುತ್ತದೆ. ಎರಡನೆಯದು, ಬಂದ ದಿನ ತಡೆಯಲಾಗದ ನೋವಿದ್ದವರಲ್ಲಿ ಎಷ್ಟು ಜನಕ್ಕೆ 48 ಗಂಟೆಯೊಳಗೆ ಅದು ಸಹಿಸುವ ಮಟ್ಟಕ್ಕೆ ಇಳಿಯಿತು? ತುಂಬಾ ಕಷ್ಟದ ರೋಗಿಗಳನ್ನೇ ಸೇರಿಸಿಕೊಳ್ಳುವ ಸಂಸ್ಥೆಗೆ ಇದರಿಂದ ಅನ್ಯಾಯವಾಗದೇ ಎಂದು ಕೇಳಬಹುದು. ಆಗುವುದಿಲ್ಲ, ಇಲ್ಲಿ ಅಳೆಯುತ್ತಿರುವುದು ನೋವು ಎಷ್ಟಿತ್ತು ಎಂಬುದನ್ನಲ್ಲ, ಎರಡು ದಿನದಲ್ಲಿ ಎಷ್ಟು ಇಳಿಯಿತು ಎಂಬುದನ್ನು. ಮಾರ್ಫಿನ್ ಜೊತೆಗೆ ಮಲಬದ್ಧತೆಗೆ ಔಷಧಿ ಕೊಟ್ಟರೇ ಎಂದು ನೋಡಿದರೂ ಸಾಕು, ಬರೆದವರಿಗೆ ಕೆಲಸ ಗೊತ್ತೋ ಇಲ್ಲವೋ ತಿಳಿಯುತ್ತದೆ.

ಇಲ್ಲಿ ಕನ್ನಡಿಗರಿಗೆ ನೇರವಾಗಿ ತಟ್ಟುವ ಸಂಗತಿ ಒಂದಿದೆ. ಬೀದರ್, ಕಲಬುರಗಿ, ರಾಯಚೂರು, ಯಾದಗಿರಿಯ ಜನ ದೊಡ್ಡ ಕಾಯಿಲೆಗೆ ಬೆಂಗಳೂರಿಗಿಂತ ಹೈದರಾಬಾದಿಗೆ ಹೋಗುವುದು ಹಳೆಯ ರೂಢಿ. ಹಾದಿಯೂ ಹತ್ತಿರ, ನಂಟೂ ಹಳೆಯದು. ಆದರೆ ಅಲ್ಲಿ ಭಾಷೆ ಬೇರೆ. ನೋವನ್ನು ಯಾವ ಸ್ಕ್ಯಾನೂ ತೋರಿಸುವುದಿಲ್ಲ, ರೋಗಿಯೇ ಹೇಳಬೇಕು. ‘ಉರಿತದ’, ‘ಸೆಳಿತದ’, ‘ಜುಮ್ ಅಂತದ’, ‘ಒಳಗ ಹಿಂಡಿದಂಗ ಆಗ್ತದ’ ಎಂಬ ಮಾತುಗಳ ನಡುವಿನ ಅಂತರ ಬರೀ ಮಾತಿನದಲ್ಲ, ಔಷಧಿಯದು. ಉರಿ, ಜುಮ್ಮು, ಕರೆಂಟ್ ಹೊಡೆದಂಥ ಸೆಳೆತ ನರಕ್ಕೆ ಪೆಟ್ಟಾದ ಗುರುತು. ಅದಕ್ಕೆ ಮಾರ್ಫಿನ್ ಒಂದೇ ಸಾಲದು, ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್‌ನಂಥ ಬೇರೆ ಮಾತ್ರೆಗಳು ಬೇಕು. ಸೊನ್ನೆಯಿಂದ ಹತ್ತರೊಳಗೆ ಅಂಕ ಹೇಳಿ ಎಂದರೆ ತಬ್ಬಿಬ್ಬಾಗುವ ಮುದುಕಿ, ‘ರೂಪಾಯಿಗೆ ಎಂಟಾಣೆ ಕಡಿಮಿ ಆಗ್ಯದ’ ಎಂದು ಕರಾರುವಾಕ್ಕಾಗಿ ಹೇಳಬಲ್ಲಳು, ಕೇಳುವವರಿಗೆ ಆ ಭಾಷೆ ಬಂದರೆ. ಬ್ಯಾನಿ ಎಂದರೇನು, ತ್ರಾಸ ಎಂದರೇನು ಎಂದು ತಿಳಿಯದ ಕಡೆ ನೋವಿನ ಚಾರ್ಟಿನಲ್ಲಿ ತುಂಬಿದ ಅಂಕಿ ಊಹೆಯಷ್ಟೇ. ಹಾಗಾಗಿ ರೋಗಿಗಳ ಭಾಷೆ ಬಲ್ಲ ನರ್ಸ್ ಅಥವಾ ಸ್ವಯಂಸೇವಕರು ಇದ್ದಾರೆಯೇ ಎಂಬುದನ್ನು ಸೌಜನ್ಯದ ಪಟ್ಟಿಯಿಂದ ತೆಗೆದು ಚಿಕಿತ್ಸೆಯ ಪಟ್ಟಿಗೆ ಸೇರಿಸಬೇಕು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಂಥ ಕನ್ನಡ ಸಂಸ್ಥೆಗಳಿರುವ ನಗರದಲ್ಲಿ ಇದಕ್ಕೆ ಜನ ಸಿಗುವುದು ಕಷ್ಟವಾಗಬಾರದು.

ಹಾಸ್ಪಿಸ್ ಎಂದರೆ ಕಟ್ಟಡ ಎಂದುಕೊಂಡಿರುವವರೇ ಹೆಚ್ಚು. ಬಹುಪಾಲು ರೋಗಿಗಳು ಇರಬಯಸುವುದು ಮನೆಯಲ್ಲಿ. ಬೆಂಗಳೂರಿನ ಕರುಣಾಶ್ರಯದವರು ಕೂಡ 1999ರಲ್ಲಿ ತಮ್ಮ ಆಶ್ರಯದ ಬಾಗಿಲು ತೆರೆಯುವುದಕ್ಕೂ ಮೊದಲೇ ಮನೆ ಮನೆಗೆ ಹೋಗಿ ಆರೈಕೆ ಕೊಡುತ್ತಿದ್ದರು. ಮನೆಯ ಆರೈಕೆಯ ನಿಜವಾದ ಪರೀಕ್ಷೆ ನಡೆಯುವುದು ತಂಡ ಬಂದು ಹೋದ ಮಧ್ಯಾಹ್ನ ಅಲ್ಲ, ಭಾನುವಾರ ರಾತ್ರಿ. ಉಸಿರು ಗೊರಗೊರ ಎನ್ನತೊಡಗಿದಾಗ, ನುಂಗಲಾಗದೆ ಮಾತ್ರೆ ಬಾಯಲ್ಲೇ ಉಳಿದಾಗ ಫೋನ್ ಎತ್ತುವವರು ಯಾರು? ಆ ಸದ್ದು ಕೇಳುವವರಿಗೆ ಭಯ ತಂದರೂ ರೋಗಿಗೆ ಸಾಮಾನ್ಯವಾಗಿ ಸಂಕಟ ಕೊಡುವುದಿಲ್ಲ ಎಂದು ಮೊದಲೇ ಹೇಳಿದ್ದರೇ? ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಒಣಗಿದ ಬಾಯನ್ನು ಒದ್ದೆ ಬಟ್ಟೆಯಿಂದ ಒರೆಸುವುದು, ನುಂಗಲಾಗದವರಿಗೆ ಒತ್ತಾಯದಿಂದ ನೀರು ಹಾಕದಿರುವುದು ಇವನ್ನು ಸೊಸೆಗೋ ಮಗನಿಗೋ ಕೈಹಿಡಿದು ಕಲಿಸಿದ್ದರೇ? ಕಲಿಸಿರದಿದ್ದರೆ ಗಾಬರಿಯಲ್ಲಿ ಆಂಬುಲೆನ್ಸ್ ಬರುತ್ತದೆ, ಮನೆಯಲ್ಲೇ ಕಣ್ಣುಮುಚ್ಚಬೇಕೆಂದಿದ್ದವರು ಎಮರ್ಜೆನ್ಸಿ ವಾರ್ಡಿನ ಸ್ಟ್ರೆಚರ್ ಮೇಲೆ ಹೋಗುತ್ತಾರೆ. ಆರೈಕೆ ಶುರುವಾದ ಮೇಲೆ ಹುಟ್ಟಿದ ಹಾಸಿಗೆ ಹುಣ್ಣುಗಳ ಸಂಖ್ಯೆಯೂ ಇಂಥದೇ ಸಾಕ್ಷಿ. ಇನ್ನೊಂದು ಮಾತನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ: ಮನೆಯಲ್ಲಿ ಸಾವಾದರೆ ಮರಣದ ಕಾರಣ ತಿಳಿಸುವ 4ಎ ನಮೂನೆಗೆ ವೈದ್ಯರ ಸಹಿ ಬೇಕು. ಹೆಣ ಮನೆಯಲ್ಲಿಟ್ಟುಕೊಂಡು ಸಹಿಗಾಗಿ ವೈದ್ಯರನ್ನು ಹುಡುಕುವಂತೆ ಬಿಟ್ಟ ಸಂಸ್ಥೆಯ ಆರೈಕೆ ಎಷ್ಟೇ ಒಳ್ಳೆಯದಿದ್ದರೂ ಅರ್ಧಕ್ಕೆ ನಿಂತಂತೆ.

ಇಂಥದನ್ನೆಲ್ಲ ಅಳೆಯಲು ಹೊರಟರೆ ಕಾಗದ ತುಂಬುವ ಕೆಲಸ ಬೆಳೆಯುತ್ತದೆ, ಆರೈಕೆಗೆ ಹೊತ್ತು ಉಳಿಯುವುದಿಲ್ಲ ಎಂಬ ಆಕ್ಷೇಪ ಗಟ್ಟಿಯಾದದ್ದು. ಅಮೆರಿಕದ ಅನುಭವ ಇದನ್ನು ಭಾಗಶಃ ಒಪ್ಪುತ್ತದೆ. ಅಲ್ಲಿ ಸರ್ಕಾರದ ಮೆಡಿಕೇರ್ ವಿಮೆ ಹಾಸ್ಪಿಸ್‌ಗಳಿಗೆ ದಿನದ ಲೆಕ್ಕದಲ್ಲಿ ಹಣ ಕೊಡುತ್ತದೆ, ಸಂಸ್ಥೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಲಾಭಕ್ಕಾಗಿ ನಡೆಯುವಂಥವು. ನೋವಿನ ಬಗ್ಗೆ ಕೇಳಿದಿರಾ, ಉಸಿರಾಟ ಪರೀಕ್ಷಿಸಿದಿರಾ ಎಂಬ ನಮೂನೆಗಳನ್ನು ಮೊದಲು ತುಂಬಿಸಿಕೊಂಡರು. ಹೆಚ್ಚುಕಡಿಮೆ ಎಲ್ಲ ಸಂಸ್ಥೆಗಳೂ ಪೂರ್ತಿ ಅಂಕದ ಹತ್ತಿರ ಬಂದವು; ಒಳ್ಳೆಯದು ಕೆಟ್ಟದ್ದು ಬೇರೆಯಾಗಲೇ ಇಲ್ಲ. ಹೆಚ್ಚು ಹೇಳಿದ್ದು ಬೇರೆ ಎರಡು ಅಳತೆಗಳು. ಒಂದು, ರೋಗಿಯ ಕೊನೆಯ ದಿನಗಳಲ್ಲಿ ನರ್ಸ್ ನಿಜವಾಗಿ ಮನೆಗೆ ಬಂದರೇ ಎಂಬ ಎಣಿಕೆ. ಇನ್ನೊಂದು, ಸಾವಾದ ಎರಡು ಮೂರು ತಿಂಗಳ ನಂತರ ಮನೆಯವರನ್ನು ಕೇಳುವ ಸಮೀಕ್ಷೆ, 2015ರಿಂದ ದೇಶದಾದ್ಯಂತ ನಡೆಯುತ್ತಿದೆ, ಫಲಿತಾಂಶ ಪ್ರಕಟವಾಗುತ್ತದೆ. ಅಂದರೆ ನಮೂನೆಗಳನ್ನು ಹೆಚ್ಚಿಸುವುದು ಬೇಡ, ಸರಿಯಾದ ನಾಲ್ಕೈದು ಪ್ರಶ್ನೆ ಸಾಕು. ದುಃಖದಲ್ಲಿರುವವರು ಎಲ್ಲವೂ ಚೆನ್ನಾಗಿತ್ತು ಎಂದೇ ಹೇಳುತ್ತಾರಲ್ಲವೇ? ತೃಪ್ತಿಯಾಯಿತೇ ಎಂದು ಕೇಳಿದರೆ ಹಾಗೇ ಹೇಳುತ್ತಾರೆ. ರಾತ್ರಿ ಫೋನ್ ಮಾಡಿದಿರಾ, ಎಷ್ಟು ಹೊತ್ತಿಗೆ ಉತ್ತರ ಬಂತು, ಕೊನೆಯ ಮೂರು ದಿನದಲ್ಲಿ ಯಾರಾದರೂ ಬಂದರೇ, ಮಾತ್ರೆ ಯಾವಾಗಲಾದರೂ ಮುಗಿದುಹೋಗಿತ್ತೇ ಎಂದು ಕೇಳಿದರೆ ನಡೆದದ್ದನ್ನೇ ಹೇಳುತ್ತಾರೆ.

ಸೇವೆ ಮಾಡುವವರನ್ನು ಹೀಗೆ ತೂಗುವುದು ಅವಮಾನ ಎನ್ನುವವರಿದ್ದಾರೆ. ಈ ಕ್ಷೇತ್ರದವರೇ ಹಾಗೆ ಭಾವಿಸಿಲ್ಲ. ದೇಶದ ಉಪಶಾಮಕ ಆರೈಕೆಯ ಹಿರಿಯ ವೈದ್ಯರು ಸೇರಿ ರೂಪಿಸಿದ ಕನಿಷ್ಠ ಮಾನದಂಡಗಳ ಪಟ್ಟಿ 2014ರಲ್ಲೇ ಪ್ರಕಟವಾಗಿದೆ. ಸಂಸ್ಥೆಗಳು ತಮ್ಮನ್ನು ತಾವೇ ಅದರಿಂದ ಪರೀಕ್ಷಿಸಿಕೊಂಡಿವೆ. ಕೊರತೆ ಇರುವುದು ಆ ಫಲಿತಾಂಶ ರೋಗಿಯ ಮನೆಯವರ ಕಣ್ಣಿಗೆ ಬೀಳುವ ಕಡೆ. ಅದಕ್ಕಿಂತ ಕಷ್ಟದ ವಾದ ಇನ್ನೊಂದು: ಉಪಶಾಮಕ ಆರೈಕೆ ಬೇಕಾದವರಲ್ಲಿ ಜಗತ್ತಿನಲ್ಲೇ ಸುಮಾರು ಶೇ 14 ಜನಕ್ಕೆ ಮಾತ್ರ ಅದು ಸಿಗುತ್ತಿದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಾವಿನ ಹೊತ್ತಿನ ಆರೈಕೆಯನ್ನು ಹೋಲಿಸಿ 2015ರಲ್ಲಿ ಮಾಡಿದ ಪಟ್ಟಿಯಲ್ಲಿ 80 ದೇಶಗಳ ಪೈಕಿ ಭಾರತ 67ನೆಯದು. ಇರುವುದೇ ಬೆರಳೆಣಿಕೆ, ಅವುಗಳನ್ನೂ ಜರಡಿ ಹಿಡಿದರೆ ಉಳಿಯುವುದೇನು? ಈ ಆತಂಕ ನಿಜವಾದದ್ದೇ, ಆದರೆ ತೀರ್ಮಾನ ತಪ್ಪು. ಬೇರೆ ಬಾಗಿಲೇ ಇಲ್ಲದವನಿಗೆ ಇರುವ ಒಂದು ಬಾಗಿಲು ಸರಿಯಾಗಿರಬೇಕಾದ ಅಗತ್ಯ ಹೆಚ್ಚು. ಕೇರಳ 1993ರಲ್ಲಿ ಕೋಳಿಕ್ಕೋಡಿನ ಒಂದು ಸಣ್ಣ ಕ್ಲಿನಿಕ್ಕಿನಿಂದ ಶುರುಮಾಡಿ 2008ರಲ್ಲಿ ಸರ್ಕಾರದ ನೀತಿಯವರೆಗೆ ಬೆಳೆದದ್ದು ನೆರೆಹೊರೆಯವರು, ಪಂಚಾಯತಿಗಳು ಈ ಕೆಲಸವನ್ನು ತಮ್ಮದೆಂದು ನೋಡತೊಡಗಿದ್ದರಿಂದ. ಊರವರು ಕಣ್ಣಿಟ್ಟ ಕಡೆ ಆರೈಕೆ ಕುಗ್ಗಲಿಲ್ಲ, ಹಬ್ಬಿತು. ಲೆಕ್ಕದ ಉದ್ದೇಶ ಬೀಗ ಹಾಕುವುದಾಗಬಾರದು, ಎಲ್ಲಿ ನರ್ಸ್ ಸಾಲದು, ಎಲ್ಲಿ ಮಾರ್ಫಿನ್ ತಲುಪುತ್ತಿಲ್ಲ ಎಂದು ತೋರಿಸಿ ಅಲ್ಲಿಗೆ ಹಣ ತರುವುದಾಗಬೇಕು.

ಗುಣವಾಗುವ ಆಸೆಯೇ ಇಲ್ಲದ ರೋಗಿಗೆ ಜೀವ ಹಿಡಿದಿಡುವ ಯಂತ್ರಗಳನ್ನು ತೆಗೆಯುವ ಬಗ್ಗೆ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಯಂತ್ರ ತೆಗೆದ ಮೇಲಿನ ಗಂಟೆಗಳು, ದಿನಗಳು ಹೇಗಿರಬೇಕು ಎಂಬುದನ್ನು ನೋಡಿಕೊಳ್ಳುವವರು ಉಪಶಾಮಕ ಆರೈಕೆಯವರು. ಅವರ ಕೆಲಸಕ್ಕೆ ಅಳತೆಯಿಲ್ಲದಿದ್ದರೆ ಘನತೆಯ ಸಾವು ಎಂಬ ಹಕ್ಕು ಕಾಗದದ ಮೇಲೆ ಉಳಿಯುತ್ತದೆ. ಈ ಲೆಕ್ಕವನ್ನು ಆರಂಭಿಸಲು ಇಎಸ್‌ಐ ಕಾರ್ಪೊರೇಷನ್‌ಗಿಂತ ತಕ್ಕ ಜಾಗ ಬೇರೆ ಇಲ್ಲ. ಸನತ್‌ನಗರ, ಕಲಬುರಗಿ, ರಾಜಾಜಿನಗರ ಮೂರೂ ಕಡೆ ಅದಕ್ಕೆ ವೈದ್ಯಕೀಯ ಕಾಲೇಜುಗಳಿವೆ. ವಿಮೆದಾರರ ವಿಳಾಸ, ಫೋನ್ ನಂಬರ್ ಅದರ ಬಳಿಯೇ ಇವೆ. ಮನೆಗೆ ಕಳುಹಿಸಿದ ಪ್ರತಿ ರೋಗಿಯ ಕುಟುಂಬಕ್ಕೆ, ಸಾವಾದ ಎರಡು ತಿಂಗಳಿಗೆ, ಅವರದೇ ಭಾಷೆಯಲ್ಲಿ ಫೋನ್ ಮಾಡಿ ಐದು ಪ್ರಶ್ನೆ ಕೇಳಲಿ. ಮಾರ್ಫಿನ್ ಖಾಲಿಯಾದ ದಿನಗಳು, 48 ಗಂಟೆಯಲ್ಲಿ ಇಳಿದ ನೋವು, ಹಾಸಿಗೆ ಹುಣ್ಣು, ರಾತ್ರಿಯ ಕರೆಗಳು, ಕೊನೆಯ ಮೂರು ದಿನದ ಭೇಟಿಗಳು, ಇಷ್ಟನ್ನು ಒಂದೇ ಪುಟದಲ್ಲಿ ಬರೆಯಲಿ. ಅಕ್ಟೋಬರ್ ತಿಂಗಳ ಎರಡನೇ ಶನಿವಾರ ವಿಶ್ವ ಹಾಸ್ಪಿಸ್ ದಿನ. ಈ ವರ್ಷ ಆ ದಿನದಂದು ಆ ಒಂದು ಪುಟವನ್ನು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಹೊರರೋಗಿ ವಿಭಾಗದ ಗೋಡೆಗೆ ಅಂಟಿಸಲಿ.