ಸುಡುವುದು ನಮ್ಮ ಸೂರು, ತೀರ್ಮಾನ ಅವರದೇ?

ಮೇಲ್ಮಹಡಿಯ ನಿವಾಸಿಗಳೇ, ಬಾಡಿಗೆದಾರರೇ, ಕರೆಂಟ್ ಬಿಲ್ಲು ಕಟ್ಟಿ ಸುಸ್ತಾದ ಬೆಂಗಳೂರಿಗರೇ,

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಕಳೆದ ವಾರ ಕಮಿಟಿ ಅಂಟಿಸಿದ ನೋಟಿಸು ನೋಡಿದ್ದೀರಿ. ತಾರಸಿಯ ಕುಂಡ, ಪಾತಿ, ಬಳ್ಳಿ ಎಲ್ಲವನ್ನೂ ತಿಂಗಳ ಕೊನೆಯೊಳಗೆ ತೆರವು ಮಾಡಬೇಕಂತೆ. ತಾವೇ ಕೊಟ್ಟ ಗಡುವಿಗೂ ಕಾಯಲಿಲ್ಲ. ಮರುದಿನವೇ ಬಸಳೆ ಚಪ್ಪರ ಕಿತ್ತರು. ಕಾಯಿ ಬಿಟ್ಟಿದ್ದ ಬದನೆ ಗಿಡಗಳನ್ನು ಮಣ್ಣುಸಮೇತ ತಂದು ಗೇಟಿನ ಪಕ್ಕ, ಕಸದ ಡ್ರಮ್ಮಿನ ಬಳಿ ಸುರಿದರು. ತಾರಸಿಗೆ ಬೀಗ ಜಡಿದರು. ಅದೂ ಬೇಸಿಗೆ ಕಾಲಿಡುವ ಹೊತ್ತಿನಲ್ಲಿ!

ಕಮಿಟಿಯವರೇ, ರಾತ್ರಿ ಹನ್ನೊಂದಕ್ಕೆ ನಮ್ಮ ಮನೆಗೆ ಬನ್ನಿ. ಸ್ಟೂಲು ಹತ್ತಿ ಮಲಗುವ ಕೋಣೆಯ ಚಾವಣಿಗೆ ಅಂಗೈ ಇಟ್ಟು ನೋಡಿ. ಒಲೆಯಿಂದ ಇಳಿಸಿದ ಹೆಂಚಿನ ಹಾಗೆ ಕಾದಿರುತ್ತದೆ. ಬರಿಯ ಕಾಂಕ್ರೀಟು ಹಗಲೆಲ್ಲ ಹೀರಿದ ಬಿಸಿಲನ್ನು ರಾತ್ರಿಯೆಲ್ಲ ಒಳಗೆ ಬಿಡುತ್ತದೆ. ಫ್ಯಾನು ಹಾಕಿದರೆ ಅದೇ ಬಿಸಿಗಾಳಿ ಮುಖಕ್ಕೆ ರಾಚುತ್ತದೆ. ಮೇಲೆ ಮಣ್ಣು, ಹಸಿರು ಇದ್ದರೆ ಎಲೆ ನೆರಳಾಗುತ್ತದೆ, ಮಣ್ಣು ಕಾವನ್ನು ತಡೆಯುತ್ತದೆ, ತೇವ ಆರುತ್ತ ಬಿಸಿಯನ್ನು ಹೊತ್ತೊಯ್ಯುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಬೇಕಾಗುವ ಶಾಖ ಒಂದು ಯೂನಿಟ್ ವಿದ್ಯುತ್ತಿನ ಸುಮಾರು ಮೂರನೇ ಎರಡು ಪಾಲು. ಬಯಲುಸೀಮೆಯ ನಮ್ಮ ಹಿರಿಯರು ಮಾಳಿಗೆ ಮನೆಯ ಮೇಲೆ ಮಣ್ಣು ಹಾಸಿ ತಂಪಾಗಿ ಮಲಗಿದರು. ಓದಿದ ನಾವು ಮಣ್ಣನ್ನು ಕಸಕ್ಕೆ ಸುರಿದು ಎಸಿ ತರುತ್ತಿದ್ದೇವೆ.

2016ರ ಏಪ್ರಿಲ್‌ನಲ್ಲಿ ಈ ಊರು 39.2 ಡಿಗ್ರಿ ಕಂಡಿತು. 2024ರ ಏಪ್ರಿಲ್‌ನಲ್ಲಿ ಮತ್ತೆ 38 ದಾಟಿತು. ಒಂದೂವರೆ ಟನ್ ಎಸಿ ಗಂಟೆಗೆ ಸುಮಾರು ಒಂದು ಯೂನಿಟ್ ಎಳೆಯುತ್ತದೆ. ರಾತ್ರಿ ಆರು ತಾಸು ಓಡಿಸಿದರೆ ತಿಂಗಳಿಗೆ 180. ಫ್ರಿಜ್ಜು, ದೀಪ, ಪಂಪು ಸೇರಿದರೆ ಗೃಹಜ್ಯೋತಿಯ ಉಚಿತ 200 ಯೂನಿಟ್ ದಾಟಿತು. ಪೂರ್ತಿ ಬಿಲ್ಲು ನಮ್ಮ ತಲೆಗೆ ಬಂತು. ಆ ಬಿಲ್ಲನ್ನು ಕಮಿಟಿ ಕಟ್ಟುತ್ತದೆಯೆ? ಸುಡುವುದು ನಮ್ಮ ಸೂರು, ತೀರ್ಮಾನ ಅವರದು!

ಅವರ ಕಾರಣಗಳನ್ನು ಕೇಳಿ. ಭಾರವಂತೆ! ಸಾವಿರಾರು ಲೀಟರಿನ ಟ್ಯಾಂಕು, ಮೇಲೊಂದು ಮೊಬೈಲ್ ಟವರ್ ಹೊರಿಸಿದಾಗ ಈ ಚಿಂತೆ ಎಲ್ಲಿತ್ತು? ಟವರಿನ ಬಾಡಿಗೆ ಬಂದರೆ ಮೋಲ್ಡು ಗಟ್ಟಿ, ಬದನೆ ಗಿಡ ಬಂದರೆ ಮೋಲ್ಡು ಕುಸಿಯುತ್ತದೆ! ಸೋರುತ್ತದಂತೆ! ಒಂದು ಗಿಡವೂ ಇಲ್ಲದ ಪಕ್ಕದ ಬ್ಲಾಕಿನಲ್ಲಿ ಮಳೆಗಾಲಕ್ಕೆ ಬಕೆಟ್ಟು ಇಡುವುದೇಕೆ? ನೀರಿಲ್ಲವಂತೆ! ಎಸ್‌ಟಿಪಿಯಲ್ಲಿ ಶುದ್ಧವಾದ ನೀರು ದಿನವೂ ಚರಂಡಿ ಸೇರುವುದು ಅವರ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಬಿಳಿ ಬಣ್ಣದ ಪಕ್ಷದವರು. ತೆಲಂಗಾಣ 2023ರಲ್ಲೇ ತಂಪು ಚಾವಣಿ ನೀತಿ ತಂದಿದೆ, ಬಣ್ಣ ಬಳಿದರೆ ಮುಗಿಯಿತು ಎನ್ನುತ್ತಾರೆ. ಸ್ವಾಮಿ, ಈ ಊರಿನ ಧೂಳಿನಲ್ಲಿ ನಿಮ್ಮ ಬಿಳುಪು ಎಷ್ಟು ತಿಂಗಳು ಉಳಿದೀತು? ಆ ಬಣ್ಣ ಒಂದು ಹಿಡಿ ಸೊಪ್ಪು ಕೊಡುತ್ತದೆಯೆ? ಜೂನ್ 5ರಂದು ಸಸಿ ಹಿಡಿದು ಫೋಟೊ ತೆಗೆಸಿಕೊಳ್ಳುವ ಪರಿಸರಪ್ರೇಮಿಗಳೂ ಇದ್ದಾರೆ. ಅವರ ಕಣ್ಣೆದುರೇ ಚಪ್ಪರ ಕಿತ್ತರು. ಒಬ್ಬರೂ ಉಸಿರೆತ್ತಲಿಲ್ಲ. ಕೆಳಮಹಡಿಯ ಮಹನೀಯರಂತೂ ನಮ್ಮ ಮನೆಯನ್ನೇ ಛತ್ರಿ ಮಾಡಿಕೊಂಡು ಕೆಳಗೆ ನಿದ್ದೆ ಮಾಡಿ, ಸಭೆಯಲ್ಲಿ ನಮ್ಮ ವಿರುದ್ಧ ಕೈ ಎತ್ತುತ್ತಾರೆ!

ನಾವು ಕೇಳುತ್ತಿರುವುದು ಲೋಕದಲ್ಲಿಲ್ಲದ ಸಂಗತಿಯಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 2002ರಿಂದ ಹೊಸ ಕಟ್ಟಡದ ಸಮತಟ್ಟು ಚಾವಣಿಗೆ ಹಸಿರು ಕಡ್ಡಾಯ. ಟೊರೊಂಟೊ 2009ರಲ್ಲಿ ದೊಡ್ಡ ಕಟ್ಟಡಗಳಿಗೆ ಹಸಿರು ಚಾವಣಿಯ ಕಾಯಿದೆ ತಂದಿತು. ನಮ್ಮ ಕೇಂದ್ರ ಸರ್ಕಾರವೇ 2018ರ ಇಕೋ ನಿವಾಸ್ ಸಂಹಿತೆಯಲ್ಲಿ ವಸತಿ ಕಟ್ಟಡದ ಚಾವಣಿ ಎಷ್ಟು ಶಾಖ ಒಳಬಿಡಬಹುದೆಂದು ಮಿತಿ ಹಾಕಿದೆ. ಬರಿಯ ಕಾಂಕ್ರೀಟು ಆ ಮಿತಿಯ ಹತ್ತಿರವೂ ಸುಳಿಯುವುದಿಲ್ಲ. ಹಾಗಿದ್ದರೂ ಬಿಲ್ಡರು ಬರಿಯ ಮೋಲ್ಡು ಮಾರಿ ಹೋದ, ಕಮಿಟಿ ಅದಕ್ಕೆ ಬೀಗ ಹಾಕಿತು. ಸುಡುವುದು ನಮ್ಮ ಸೂರು, ತೀರ್ಮಾನ ಅವರದು!

ಬರುವ ಭಾನುವಾರ ಬೆಳಿಗ್ಗೆ ಸಾಮಾನ್ಯ ಸಭೆ ಇದೆ. ಹೋದ ವರ್ಷದ ಏಪ್ರಿಲ್ ತಿಂಗಳ ಬಿಲ್ಲು ಹಿಡಿದು ಬನ್ನಿ. ಮತವಿಲ್ಲದ ಬಾಡಿಗೆದಾರರೂ ಬನ್ನಿ, ದನಿಯಾದರೂ ಇದೆಯಲ್ಲ. ಬೇರೆ ಅಪಾರ್ಟ್‌ಮೆಂಟುಗಳ ಗೆಳೆಯರೇ, ಇವತ್ತು ನಮ್ಮ ಬಾಗಿಲಿಗೆ ಬಂದ ನೋಟಿಸು ನಾಳೆ ನಿಮ್ಮದಕ್ಕೂ ಬರುತ್ತದೆ. ನೋಟಿಸು ವಾಪಸ್ಸಾಗಲಿ! ಬೀಗ ತೆರೆಯಲಿ! ಊರಿನ ಪ್ರತಿ ತಾರಸಿಯೂ ಹಸಿರಾಗಲಿ!

ಓದಿ, ಪಕ್ಕದ ಮನೆಗೆ ಕೊಡಿ.

— ಮೇಲ್ಮಹಡಿಯ ನಿವಾಸಿಗಳು