ಮುಖ ನೋಡಿ ಮಾತು ಬದಲಿಸುವವರಿಗೆ

ನನ್ನ ತಲೆಯ ಮೇಲಿನ ಬಟ್ಟೆ ಕಂಡ ಕೂಡಲೇ ನಿಮ್ಮ ನಾಲಿಗೆ ಯಾಕೆ ಹೊರಳುತ್ತದೆ? ಮುಂದಿನ ಸೀಟಿನ ಹೆಂಗಸಿಗೆ ‘ಎಲ್ಲಿಗಮ್ಮಾ?’ ಎಂದು ಕೇಳಿದ ಕಂಡಕ್ಟರ್ ನನ್ನ ಹತ್ತಿರ ಬಂದದ್ದೇ ‘ಕಹಾಂ ಜಾನಾ?’ ಎನ್ನುತ್ತಾನೆ. ಶಕ್ತಿ ಯೋಜನೆಯ ಟಿಕೆಟ್ಟಿಗೆಂದು ಆಧಾರ್ ಕಾರ್ಡು ತೋರಿಸುತ್ತೇನೆ. ಅದರ ಮೇಲೆ ನನ್ನ ಹೆಸರು, ನನ್ನೂರು, ನನ್ನ ಓಣಿ ಎಲ್ಲ ಕನ್ನಡದಲ್ಲೇ ಅಚ್ಚಾಗಿವೆ. ಅದನ್ನು ಓದಿ ಮುಗಿಸಿ ಮತ್ತೆ ‘ಕಿಧರ್ ಉತರ್ನಾ?’ ಎನ್ನುತ್ತಾನೆ. ಬಟ್ಟೆ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ತರಕಾರಿ ಗಾಡಿಯ ಮುಂದೆ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಇದೇ ಕಥೆ. ನಾನು ಬಾಯಿ ತೆರೆಯುವ ಮೊದಲೇ ನನ್ನ ಭಾಷೆ ಯಾವುದೆಂದು ಇನ್ನೊಬ್ಬರು ತೀರ್ಮಾನಿಸಿ ಆಗಿರುತ್ತದೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಹೆಚ್ಚುಗಾರಿಕೆಗೆ ಈ ಮಾತು ಹೇಳುತ್ತಿಲ್ಲ. ಬೀಡಿ ಕಟ್ಟುವವಳಾಗಿದ್ದರೂ, ಅಕ್ಷರ ಬಾರದವಳಾಗಿದ್ದರೂ ನನ್ನ ಪ್ರಶ್ನೆ ಇದೇ ಇರುತ್ತಿತ್ತು.

‘ಅದು ನಿಮ್ಮದೇ ಭಾಷೆ ಅಲ್ಲವೇ, ಪ್ರೀತಿಯಿಂದ ಮಾತಾಡಿದರೆ ತಪ್ಪೇನು?’ ಎಂದು ಕೇಳುವವರಿದ್ದಾರೆ. ನನ್ನ ಮನೆಮಾತು ದಖನಿ. ಅದರಲ್ಲೇ ನನ್ನ ಅಮ್ಮಿ ನನ್ನನ್ನು ಬೈದಿದ್ದು, ಅದರಲ್ಲೇ ಮುದ್ದಿಸಿದ್ದು. ಆ ಭಾಷೆಯ ಬಗ್ಗೆ ನನಗೆ ಒಂದು ಗುಲಗಂಜಿಯಷ್ಟೂ ನಾಚಿಕೆಯಿಲ್ಲ. ದಖನಿ ದಿಲ್ಲಿಯಿಂದ ಇಳಿದು ಬಂದ ಅತಿಥಿಯಲ್ಲ, ಕಲಬುರಗಿ, ಬೀದರ್, ವಿಜಯಪುರದ ಮಣ್ಣಿನಲ್ಲಿ ಕನ್ನಡ, ಮರಾಠಿ, ತೆಲುಗುಗಳ ಜೊತೆ ಬೆಳೆದ ಮಾತು. 1580ರಿಂದ 1627ರವರೆಗೆ ವಿಜಯಪುರವನ್ನು ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹ ತನ್ನ ‘ಕಿತಾಬ್-ಎ-ನವರಸ್’ ಬರೆದದ್ದು ದಖನಿಯಲ್ಲಿ. ಅದನ್ನು ಶುರು ಮಾಡಿದ್ದು ಸರಸ್ವತಿಯನ್ನು ನೆನೆದು. ಅಂಥ ಭಾಷೆಯನ್ನು ಅರಿತು, ಅದರ ರುಚಿ ಹಿಡಿದು ನನ್ನೊಡನೆ ಮಾತಾಡುವ ಅಪರಿಚಿತ ಸಿಕ್ಕರೆ ನಾನು ನಿಂತು ಮಾತಾಡುತ್ತೇನೆ. ಆದರೆ ನೀವು ನನ್ನ ಮೇಲೆ ಎಸೆಯುವುದು ದಖನಿಯಲ್ಲ, ಉರ್ದುವೂ ಅಲ್ಲ. ಸಿನಿಮಾ ನೋಡಿ ಕಲಿತ, ನಿಮಗೇ ಸರಿಯಾಗಿ ಬಾರದ ಹಿಂದಿ. ನನ್ನ ಮನೆಮಾತು ನಿಮಗೆ ಗೊತ್ತಿಲ್ಲ, ನನ್ನ ಕನ್ನಡ ನಿಮಗೆ ಬೇಕಿಲ್ಲ. ಎರಡನ್ನೂ ಒಂದೇ ಏಟಿಗೆ ತಳ್ಳಿಹಾಕುವುದಕ್ಕೆ ಪ್ರೀತಿ ಎನ್ನಬೇಡಿ.

ಆ ಪ್ರೀತಿ ಎಂಥದೆಂದು ನಾವು 1994ರ ಅಕ್ಟೋಬರ್‌ನಲ್ಲಿ ನೋಡಿದ್ದೇವೆ. ಬೆಂಗಳೂರು ದೂರದರ್ಶನ ದಿನಕ್ಕೆ ಹತ್ತು ನಿಮಿಷದ ಉರ್ದು ವಾರ್ತೆ ಶುರು ಮಾಡಿತು. ಹತ್ತೇ ನಿಮಿಷ. ಅದಕ್ಕೆ ವಿರೋಧವೆದ್ದು ರಾಜಧಾನಿಯಲ್ಲಿ ಬೆಂಕಿ ಬಿತ್ತು, ಕರ್ಫ್ಯೂ ಬಂತು, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ವಾರ್ತೆ ನಿಂತಿತು. ಆ ಸತ್ತವರ ಹೆಸರು ಇವತ್ತು ಯಾವ ರಾಜ್ಯೋತ್ಸವದ ಭಾಷಣದಲ್ಲೂ ಬರುವುದಿಲ್ಲ. ನಾವು ಕೇಳಿದಾಗ ಟೀವಿಯಲ್ಲಿ ಹತ್ತು ನಿಮಿಷ ಸಿಗದ ಭಾಷೆಯ ಹೆಸರಿನಲ್ಲಿ, ಕೇಳದೆ ಇದ್ದಾಗ ಬಸ್‌ಸ್ಟ್ಯಾಂಡಿನಲ್ಲಿ ಹರಕು ಹಿಂದಿಯನ್ನು ನಮ್ಮ ಬಾಯಿಗೆ ತುರುಕುತ್ತಾರೆ. ಉರ್ದು ನಮಗೆ ಹಕ್ಕಾಗಿ ಬೇಕೆಂದರೆ ಅದು ದ್ರೋಹ. ನಮ್ಮನ್ನು ಗುರುತು ಹಚ್ಚಿ ಬೇರೆ ನಿಲ್ಲಿಸಲು ಬೇಕೆಂದರೆ ಮಾತ್ರ ಅದು ‘ನಿಮ್ಮದೇ ಭಾಷೆ’.

ಮಾತು ಹೊರಳಿದ ಕೂಡಲೇ ಮರ್ಯಾದೆಯೂ ಹೊರಳುತ್ತದೆ. ಕನ್ನಡದಲ್ಲಿ ‘ನೀವು’, ‘ಮೇಡಂ’, ‘ಅಕ್ಕಾ’ ಎನ್ನುತ್ತಿದ್ದ ಬಾಯಿಯೇ ಆ ಹರಕು ಹಿಂದಿಗೆ ಇಳಿದದ್ದೇ ‘ಏ, ತುಮ್ ಇಧರ್ ಆವ್’ ಎನ್ನುತ್ತದೆ. ಕನ್ನಡದಲ್ಲಿ ಆಡಿದರೆ ಕೊಡಲೇಬೇಕಾದ ಗೌರವವನ್ನು ಹೀಗೆ ಸಲೀಸಾಗಿ ಕೊಡದೆ ಉಳಿಸಿಕೊಳ್ಳಬಹುದು.

ಇದು ಬರೀ ಮನಸ್ಸು ನೋಯುವ ವಿಷಯವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಪಿಂಜಾರರ ಅಜ್ಜಿಯೊಬ್ಬಳಿದ್ದಾಳೆ. ಹತ್ತಿ ಹಿಂಜಿ ಗಾದಿ ಹೊಲಿದು ಬದುಕಿದ ಮನೆ. ಕೊಪ್ಪಳದ ಕಡೆಯವರು, ಮನೆಯಲ್ಲಿ ಆಡುವುದು ಕನ್ನಡ. ನಮಾಜಿನ ಸೂರಾಗಳನ್ನು ಬಿಟ್ಟರೆ ಅಜ್ಜಿಗೆ ಬೇರೆ ಭಾಷೆಯ ಒಂದು ಅಕ್ಷರ ಗೊತ್ತಿಲ್ಲ. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಚೀಟಿ ಮಾಡಿಸಲು ನಾನು ಸರದಿಯಲ್ಲಿ ನಿಂತಿದ್ದಾಗ ರಕ್ತ ತೆಗೆಯುವ ಕೋಣೆಗೆ ಅಜ್ಜಿಯನ್ನು ಕರೆದರು. ನರ್ಸು ಕೇಳಿದಳಂತೆ: ‘ಖಾಲಿ ಪೇಟ್ ಹೈ ಕ್ಯಾ?’ ಅಜ್ಜಿ ಸುಮ್ಮನಿದ್ದಳು. ಅದನ್ನೇ ಇನ್ನಷ್ಟು ಜೋರಾಗಿ ಕೇಳಿದಳು. ಬಡವರು ಸರ್ಕಾರಿ ಕೋಣೆಗಳಲ್ಲಿ ಮಾಡುವುದನ್ನೇ ಅಜ್ಜಿ ಮಾಡಿದಳು, ಹೂಂ ಎಂದು ತಲೆ ಆಡಿಸಿದಳು. ಸೂಜಿ ಚುಚ್ಚಿ ರಕ್ತ ತೆಗೆದು ಚೀಟಿಯ ಮೇಲೆ ಬರೆದದ್ದೂ ಆಯಿತು. ಹೊರಗೆ ಬಂದವಳು ಸೆರಗಿನಿಂದ ಕೈ ಒತ್ತಿ ಹಿಡಿದು ನನ್ನನ್ನು ಕೇಳಿದಳು: ‘ಏನಂತಾರಬೇ ಇವರು? ನನಗ ಒಂದೂ ತಿಳಿಯವಲ್ದು.’ ಮುಂಜಾನೆ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ತಿಂದು ಬಂದಿದ್ದಳು. ಆ ರಕ್ತದ ಲೆಕ್ಕ ನೋಡಿ ಡಾಕ್ಟರು ಸಕ್ಕರೆ ಕಾಯಿಲೆಯ ಗುಳಿಗೆ ಏರಿಸಿದ್ದರೆ ಯಾರು ಹೊಣೆ?

ಒಳಗೆ ಹೋಗಿ ಕೇಳಿದೆ. ನರ್ಸಮ್ಮ ಒಳ್ಳೆಯವಳೇ, ಗಾಬರಿಯಾದಳು. ‘ಇವರಿಗೆ ಕನ್ನಡ ಬರಲ್ಲ ಅಂದ್ಕೊಂಡೆ ಮೇಡಂ’ ಎಂದಳು. ಮತ್ತೆ ರಕ್ತ ತೆಗೆಯಲು ಮರುದಿನಕ್ಕೆ ಬರೆದುಕೊಟ್ಟಳು. ಹೊರಡುವಾಗ, ನನ್ನನ್ನು ಸಮಾಧಾನ ಮಾಡಲೆಂದೇ ಇರಬೇಕು, ‘ನೀವು ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಾ!’ ಎಂದಳು. ಈ ಹೊಗಳಿಕೆಯನ್ನು ನಾನು ಜೀವಮಾನವಿಡೀ ಕೇಳಿದ್ದೇನೆ. ಲಿಂಗಾಯತರ ಟೀಚರಿಗೆ ಯಾರೂ ಹೀಗೆ ಹೇಳುವುದಿಲ್ಲ, ಬ್ರಾಹ್ಮಣರ ಟೀಚರಿಗೂ ಹೇಳುವುದಿಲ್ಲ. ಸ್ವಂತ ಮನೆಯವರಿಗೆ ‘ನಿಮಗೆ ಈ ಮನೆಯ ಬಾಗಿಲು ತೆಗೆಯೋಕೆ ಬರುತ್ತಲ್ಲ!’ ಎಂದು ಯಾರಾದರೂ ಶಹಬಾಸ್‌ಗಿರಿ ಕೊಡುತ್ತಾರೆಯೇ?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಮುಸ್ಲಿಮರನ್ನು ಕೇಳಿ ನೋಡಿ. ಫೋನಿನಲ್ಲಿ ಕನ್ನಡದಲ್ಲಿ ಮಾತು ಸುಗಮವಾಗಿ ಸಾಗಿರುತ್ತದೆ. ಅಡ್ವಾನ್ಸ್ ಎಷ್ಟು, ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ, ಗಾಡಿ ನಿಲ್ಲಿಸಲು ಜಾಗ ಇದೆಯೇ, ಎಲ್ಲವೂ. ‘ಬನ್ನಿ, ಬಂದು ನೋಡಿ’ ಎಂದೂ ಹೇಳಿರುತ್ತಾರೆ. ಗೇಟಿನ ಮುಂದೆ ಗಡ್ಡವೋ ಬುರ್ಖಾವೋ ಕಂಡಾಗ ಮನೆ ಮಾಲೀಕರ ಮಾತು ಹಿಂದಿಗೆ ಜಿಗಿಯುತ್ತದೆ. ಉತ್ತರ ಆಮೇಲೆ ಬರುತ್ತದೆ: ಯಾರಿಗೋ ಕೊಟ್ಟಾಯಿತು, ನೆಂಟರು ಬರುತ್ತಾರೆ, ನಾನ್‌ವೆಜ್ ಆಗುವುದಿಲ್ಲ. ಆದರೆ ಉತ್ತರ ಬರುವ ಮೊದಲೇ, ಭಾಷೆ ಬದಲಾದ ಆ ಗಳಿಗೆಯಲ್ಲೇ ನಮಗೆ ಗೊತ್ತಾಗಿಬಿಡುತ್ತದೆ, ಮನೆ ಸಿಗುವುದಿಲ್ಲ ಎಂದು. ಕನ್ನಡದಲ್ಲಿ ‘ಇಲ್ಲ’ ಎನ್ನುವುದು ನೆರೆಯವರಿಗೆ ಇಲ್ಲ ಎಂದಂತಾಗುತ್ತದೆ. ಮೊದಲು ಹೊರಗಿನವರನ್ನಾಗಿ ಮಾಡಿ, ಆಮೇಲೆ ಇಲ್ಲ ಎನ್ನುವುದು ಅವರಿಗೆ ಸುಲಭ.

2011ರ ಜನಗಣತಿ ತೆರೆದು ನೋಡಿ. ಕರ್ನಾಟಕದಲ್ಲಿ ಮುಸ್ಲಿಮರು ನೂರಕ್ಕೆ ಸುಮಾರು 13. ಉರ್ದು ತಾಯಿನುಡಿ ಎಂದು ಬರೆಸಿದವರು ನೂರಕ್ಕೆ 11ರೊಳಗೆ. ಉಳಿದ ಲಕ್ಷಾಂತರ ಜನ ಯಾರು? ಕರಾವಳಿಯ ಬ್ಯಾರಿಗಳು ಇದ್ದಾರೆ, ಮಲಯಾಳಕ್ಕೆ ಹತ್ತಿರವಾದ ಅವರ ಭಾಷೆಗೆ ಸರ್ಕಾರದ ಸಾಹಿತ್ಯ ಅಕಾಡೆಮಿಯೇ ಇದೆ. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುವ ಮಂಗಳೂರಿನ ಮೀನು ವ್ಯಾಪಾರಿಗೆ ಘಟ್ಟ ಹತ್ತಿ ಬಂದರೆ ಎಲ್ಲರೂ ‘ಭಾಯ್, ಕೈಸೆ ಹೈ’ ಎನ್ನುತ್ತಾರೆ. ಭಟ್ಕಳದ ನವಾಯತರ ಮನೆಮಾತು ಕೊಂಕಣಿಯ ಬಳಗದ್ದು. ಬಯಲುಸೀಮೆಯ ಎಷ್ಟೋ ಪಿಂಜಾರ, ನದಾಫ ಮನೆಗಳಲ್ಲಿ ಕನ್ನಡವೇ ಮನೆಮಾತು. ಇಷ್ಟೆಲ್ಲ ಜನರನ್ನು ಒಂದು ಟೊಪ್ಪಿಗೆಯ ಕೆಳಗೆ ತಳ್ಳಿ ಒಂದು ಭಾಷೆಯ ಹಣೆಪಟ್ಟಿ ಅಂಟಿಸುವುದು ಅಜ್ಞಾನ ಎಂದು ಬಿಟ್ಟುಬಿಡಲು ನಾನು ತಯಾರಿಲ್ಲ. ಪಕ್ಕದ ಬೀದಿಯವರ ಮನೆಮಾತನ್ನು ಇಷ್ಟು ವರ್ಷ ತಿಳಿದುಕೊಳ್ಳದೆ ಇರುವುದು ಬೇಕೆಂದೇ ಸಾಕಿಕೊಂಡ ಅಜ್ಞಾನ.

ಕನ್ನಡದ ಕಟ್ಟಾಳುಗಳೇ, ನಿಮಗೆ ಈ ಮಾತು. ಬ್ಯಾಂಕಿನ ಅಧಿಕಾರಿ ಹಿಂದಿಯಲ್ಲಿ ಮಾತಾಡಿದರೆ ಕೌಂಟರಿನ ಮುಂದೆ ನಿಂತು ಪ್ರತಿಭಟಿಸುತ್ತೀರಿ. ನಾನೂ ನಿಮ್ಮ ಜೊತೆ ನಿಲ್ಲುತ್ತೇನೆ, ಆ ಹೋರಾಟ ನನ್ನದೂ ಹೌದು. ಮೆಟ್ರೊ ಫಲಕದ ಹಿಂದಿಗೆ 2017ರಲ್ಲಿ ಮಸಿ ಬಳಿದದ್ದು ನೆನಪಿದೆ. ಹಾಗಾದರೆ ಅದೇ ನೀವು ಮನೆಗೆ ಹೋಗುವ ದಾರಿಯಲ್ಲಿ ಪಂಕ್ಚರ್ ಅಂಗಡಿಯ ಹುಡುಗನ ಹತ್ತಿರ ಹಿಂದಿಯಲ್ಲಿ ಮಾತಾಡುವುದೇಕೆ? ಅವನು ಚನ್ನಪಟ್ಟಣದವನು, ಕನ್ನಡ ಶಾಲೆಯಲ್ಲಿ ಓದಿದವನು. ಅವನ ಮೇಲೆ ಹಿಂದಿ ಹೇರುತ್ತಿರುವುದು ದಿಲ್ಲಿಯಲ್ಲ, ನೀವು. ಹತ್ತು ವರ್ಷ ಅವನೊಡನೆ ಹಿಂದಿ ಆಡಿ, ಹನ್ನೊಂದನೆಯ ವರ್ಷ ‘ಇವರು ಕನ್ನಡ ಕಲಿಯುವುದಿಲ್ಲ’ ಎಂದು ಭಾಷಣ ಬಿಗಿಯುತ್ತೀರಿ.

ನಮ್ಮೊಳಗಿನವರನ್ನೂ ಬಿಡುವುದಿಲ್ಲ. ರೈಲಿನಲ್ಲಿ ಪಕ್ಕಕ್ಕೆ ಕೂತ ಹಿರಿಯರು ‘ಸಲಾಂ’ ಹೇಳಿ ಉರ್ದುವಿನಲ್ಲಿ ಮಾತು ಶುರು ಮಾಡುತ್ತಾರೆ, ಸಂತೋಷ. ನಾನು ಮಗಳೊಡನೆ ಕನ್ನಡದಲ್ಲಿ ಮಾತಾಡಿದರೆ ಮುಖ ಗಂಟಿಕ್ಕಿ ‘ಅಪ್ನೀ ಜಬಾನ್ ನಹೀಂ ಸಿಖಾಯಿ ಕ್ಯಾ?’ ಎನ್ನುತ್ತಾರೆ. ಚಾಚಾ, ಯಾವುದು ನನ್ನದು ಎಂದು ಹೇಳಲು ನೀವು ಯಾರು? ಕನ್ನಡದಲ್ಲಿ ಆಡಿದರೆ, ಬರೆದರೆ ದೀನು ಕೆಡುತ್ತದೆಯೇ? ಇನ್ನೊಬ್ಬರ ಪರವಾಗಿ ತೀರ್ಮಾನಿಸುವ ಈ ಚಟ ನಮ್ಮಲ್ಲಿ ಹೊಸದೂ ಅಲ್ಲ. ಹಾಸನದ ಲೇಖಕಿ ಬಾನು ಮುಷ್ತಾಕ್ ಹೆಂಗಸರಿಗೂ ಮಸೀದಿಗೆ ಪ್ರವೇಶ ಬೇಕು ಎಂದದ್ದಕ್ಕೆ 2000ದಲ್ಲಿ ಬಹಿಷ್ಕಾರ ಹಾಕಿದವರು ನಮ್ಮವರೇ.

ಅದೇ ಬಾನು ಮುಷ್ತಾಕ್ 2025ರ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬೂಕರ್ ತಂದರು. ಕನ್ನಡಕ್ಕೆ ಅದು ಮೊದಲನೆಯದು. ಊರೂರಲ್ಲಿ ಸನ್ಮಾನ, ಶಾಲು, ಹಾರ. ನಾಲ್ಕು ತಿಂಗಳಾಗುವಷ್ಟರಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದದ್ದಕ್ಕೆ ಕೆಲವರು ಹೈಕೋರ್ಟಿಗೆ, ಅಲ್ಲಿ ಅರ್ಜಿ ವಜಾ ಆದ ಮೇಲೆ ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲೂ ವಜಾ ಆಯಿತು, ಸೆಪ್ಟೆಂಬರ್ 22ರಂದು ಅವರು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು. 2017ರಲ್ಲಿ ಅದೇ ಕೆಲಸ ಮಾಡಿದ್ದ ಕವಿ ನಿಸಾರ್ ಅಹಮದರ ‘ನಿತ್ಯೋತ್ಸವ’ವನ್ನು ಹಾಡದೆ ನಿಮ್ಮ ರಾಜ್ಯೋತ್ಸವ ಮುಗಿಯುವುದಿಲ್ಲ. ಆದರೆ ನಾನು ಕನ್ನಡದವಳೆಂದು ಹೇಳಲು ಪ್ರತಿ ಸಲ ನಿಸಾರರನ್ನು, ಲೇಖಕಿ ಸಾರಾ ಅಬೂಬಕ್ಕರ್ ಅವರನ್ನು, ಶಿಶುನಾಳದ ಷರೀಫರನ್ನು ಗೋರಿಯಿಂದ ಎಬ್ಬಿಸಿ ಸಾಕ್ಷಿಗೆ ತರಬೇಕೇ? ನಮ್ಮ ಓಣಿಯ ಪಿಂಜಾರರ ಅಜ್ಜಿ ಏನೂ ಬರೆದಿಲ್ಲ, ಅವಳಿಗೆ ಯಾವ ಪ್ರಶಸ್ತಿಯೂ ಇಲ್ಲ. ಅವಳಿಗೆ ಕನ್ನಡದಲ್ಲಿ ‘ಏನಾದರೂ ಉಂಡು ಬಂದೀಯೇನಬೇ?’ ಎಂದು ಕೇಳಿಸಿಕೊಳ್ಳುವ ಹಕ್ಕಿದೆ. ನಾನು ಜಗಳವಾಡುತ್ತಿರುವುದು ಆ ಹಕ್ಕಿಗಾಗಿ.

ಕಂಡಕ್ಟರಣ್ಣ, ನರ್ಸಮ್ಮ, ಪೊಲೀಸ್ ಠಾಣೆಯ ರೈಟರ್ ಸಾಹೇಬರೇ, ಕಚೇರಿಯ ಕಿಟಕಿಯ ಆಚೆ ಕೂತವರೇ, ಮೊದಲ ಮಾತನ್ನು ಕನ್ನಡದಲ್ಲಿ ಆಡಿ. ನಮಗೆ ತಿಳಿಯದಿದ್ದರೆ ನಾವೇ ಹೇಳುತ್ತೇವೆ, ಆಗ ನಿಮಗೆ ಬರುವ ಬೇರೆ ಯಾವ ಭಾಷೆಯಾದರೂ ಸರಿ. ಸಾರಿಗೆ ನಿಗಮಗಳು, ಆರೋಗ್ಯ ಇಲಾಖೆ, ಕಂದಾಯ ಇಲಾಖೆ ತಮ್ಮ ಸಿಬ್ಬಂದಿಗೆ ಇದನ್ನು ಲಿಖಿತ ಆದೇಶವಾಗಿ ಕೊಡಬೇಕು: ಎದುರಿಗಿರುವವರ ಉಡುಪು ನೋಡಿ ಭಾಷೆ ಆರಿಸಕೂಡದು. ಉರ್ದು ಶಾಲೆಗಳಲ್ಲಿ ಕನ್ನಡ ಮೇಷ್ಟ್ರ ಹುದ್ದೆಗಳನ್ನು ಖಾಲಿ ಬಿಡಕೂಡದು. ಉರ್ದುವನ್ನೂ ದಖನಿಯನ್ನೂ ನಮ್ಮ ಮನೆಗಳಲ್ಲಿ ನಾವು ಉಳಿಸಿಕೊಳ್ಳುತ್ತೇವೆ. ಕನ್ನಡವನ್ನು ಮಾತ್ರ ನಮ್ಮ ಮುಖ ನೋಡಿ ಕಸಿದುಕೊಳ್ಳಲು ನಾವು ಬಿಡುವುದಿಲ್ಲ.