ಯಜಮಾನರ ಗೋಪ್ಯವೂ ಮನೆಯವರ ಸಂಕಟವೂ

ಹತ್ತು ವರ್ಷಗಳ ಕಾಲ ಯಾರೂ ಮುಟ್ಟದೆ ಬ್ಯಾಂಕುಗಳಲ್ಲಿ ಉಳಿದ ಠೇವಣಿಗಳು ರಿಜರ್ವ್ ಬ್ಯಾಂಕು ೨೦೧೪ರಲ್ಲಿ ಏರ್ಪಡಿಸಿದ ಒಂದು ನಿಧಿಗೆ ಸೇರತಕ್ಕದ್ದೆಂದು ನಿಯಮವಿದೆ. ೨೦೨೪ನೆಯ ಇಸವಿಯ ಮಾರ್ಚಿ ತಿಂಗಳ ಅಂತ್ಯಕ್ಕೆ ಆ ನಿಧಿಯಲ್ಲಿದ್ದ ಮೊಬಲಗು ೭೮,೨೧೩ ಕೋಟಿ ರೂಪಾಯಿ. ಇದರಲ್ಲಿ ಮರೆತುಹೋದ ಚಿಲ್ಲರೆಯೂ ಇದ್ದೀತು. ಆದರೆ ಗಂಡನು ಎಲ್ಲಿಟ್ಟನೆಂದು ಹೆಂಡತಿಗೆ, ತಂದೆಯು ಎಲ್ಲಿಟ್ಟನೆಂದು ಮಕ್ಕಳಿಗೆ ತಿಳಿಯದೆ ಹೋದ ಹಣವೂ ಇದೆಯೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಆಪತ್ಕಾಲಕ್ಕೆ ಹಣ ಕೂಡಿಡಬೇಕೆಂದು ಬೋಧಿಸುವವರಿಗೆ ಕೊರತೆಯಿಲ್ಲ. ಆರು ತಿಂಗಳ ಮನೆವೆಚ್ಚವು ಕೈಗೆಟುಕುವಂತಿರಲಿ ಎಂಬ ಮಾತು ಒಳ್ಳೆಯದೇ. ಆದರೆ ಯಾರ ಕೈಗೆ? ೨೦೨೧ರ ಬೇಸಿಗೆಯಲ್ಲಿ ಕೋವಿಡ್ ರೋಗದ ಎರಡನೆಯ ಅಲೆಯು ಬಂದಾಗ ಈ ಪ್ರಶ್ನೆಗೆ ಉತ್ತರವಿಲ್ಲದ ಮನೆಗಳನ್ನು ನಾವು ನಮ್ಮ ಬೀದಿಯಲ್ಲಿಯೇ ಕಂಡೆವು. ಯಜಮಾನನು ಪ್ರಜ್ಞೆತಪ್ಪಿ ಆಸ್ಪತ್ರೆಯಲ್ಲಿ ಮಲಗಿರುವನು; ಖಾತೆಯಲ್ಲಿ ಹಣವಿರುವುದು; ಮೊಬೈಲಿನ ಗುಪ್ತಸಂಖ್ಯೆಯು ಅವನೊಬ್ಬನಿಗೇ ಗೊತ್ತು; ಹೆಂಡತಿಯು ಕೈಬಳೆಗಳನ್ನು ಗಿರವಿಯಿಡಲು ಹೊರಟಿರುವಳು.

‘ನಾಮಿನಿಯ ಹೆಸರು ಬರೆಯಿಸಿದ್ದೇನೆ, ಇನ್ನೇನು ಚಿಂತೆ?’ ಎನ್ನುವ ಮಹನೀಯರು ಒಂದು ಸಂಗತಿಯನ್ನು ಗಮನಿಸಬೇಕು. ನಾಮಿನಿಯ ಹಕ್ಕು ಹುಟ್ಟುವುದು ಖಾತೆದಾರನು ತೀರಿಕೊಂಡ ಮೇಲೆ. ಅವನು ಹಾಸಿಗೆ ಹಿಡಿದಿರುವಾಗ ನಾಮಿನಿಯು ಒಂದು ಕಾಸನ್ನೂ ತೆಗೆಯಲಾರನು. ಆ ದಿನಕ್ಕೆ ಒದಗುವುದು ದಂಪತಿಗಳಿಬ್ಬರ ಹೆಸರಿನಲ್ಲಿದ್ದು, ಯಾರೊಬ್ಬರ ಸಹಿಯಿಂದಲೂ ನಡೆಯತಕ್ಕ ಜಂಟಿ ಖಾತೆಯೊಂದೇ. ೨೦೨೫ರ ನವೆಂಬರಿನಿಂದ ಒಂದು ಠೇವಣಿಗೆ ನಾಲ್ವರವರೆಗೆ ನಾಮಿನಿಗಳಿರಬಹುದೆಂದು ಕಾನೂನಾಗಿದೆ. ಆದರೂ ಬ್ಯಾಂಕಿನ ಠೇವಣಿಯ ನಾಮಿನಿಯು ಹಣವನ್ನು ಪಡೆದುಕೊಳ್ಳುವವನೇ ಹೊರತು ಅದರ ಒಡೆಯನಲ್ಲ. ವಾರಸುದಾರರ ಹಕ್ಕು ಹಾಗೆಯೇ ಉಳಿಯುತ್ತದೆ, ಅದರೊಡನೆ ಅವರ ವ್ಯಾಜ್ಯಗಳೂ ಉಳಿಯುತ್ತವೆ.

ಆದುದರಿಂದ ಉಯಿಲು ಬೇಕು. ಅದಕ್ಕೆ ಛಾಪಾಕಾಗದ ಬೇಡ, ರಿಜಿಸ್ಟರಿಯೂ ಕಡ್ಡಾಯವಲ್ಲ. ಬರೆದವನ ಸಹಿಯೂ ಇಬ್ಬರು ಸಾಕ್ಷಿಗಳ ಸಹಿಯೂ ಇದ್ದರಾಯಿತು. ಉಯಿಲಿನ ಮಾತೆತ್ತುವುದೇ ಅಶುಭವೆನ್ನುವ ಹಿರಿಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಮಗಳ ಲಗ್ನಪತ್ರಿಕೆಯನ್ನು ಮೂರು ಬಾರಿ ತಿದ್ದಿ ಬರೆಯಿಸುವವರೂ ಅವರೇ.

ನಮ್ಮ ಅಧಿಕಾರಿಮಿತ್ರರು ಕ್ಷಮಿಸಬೇಕು. ಕಚೇರಿಯಲ್ಲಿ ಒಂದು ಕಡತವು ಕಾಣದಿದ್ದರೆ ಗುಮಾಸ್ತನಿಗೆ ನೋಟೀಸು ಕೊಡುವ ಇವರ ಮನೆಯಲ್ಲಿ, ಜೀವವಿಮೆಯ ಪಾಲಿಸಿ ಯಾವ ಪೆಟ್ಟಿಗೆಯಲ್ಲಿದೆ, ಯಾರಿಗೆ ಸಾಲ ಕೊಟ್ಟಿದೆ, ಯಾರಿಂದ ತಂದಿದೆ ಎಂಬುದಕ್ಕೆ ಒಂದು ಚೀಟಿಯೂ ಇರುವುದಿಲ್ಲ. ಮನೆಯಾಕೆಗೆ ತಿಳಿದರೆ ಖರ್ಚು ಹೆಚ್ಚುವುದೆಂದು ಕೆಲವರ ಭೀತಿ. ಇಪ್ಪತ್ತೈದು ವರ್ಷ ಇವರ ಸಂಬಳದಲ್ಲಿಯೇ ಸಂಸಾರ ತೂಗಿಸಿದವಳ ಮೇಲೆ ಇಷ್ಟೇ ನಂಬಿಕೆಯೆ?

ಒಂದು ನೋಟುಪುಸ್ತಕದ ನಾಲ್ಕು ಪುಟಗಳಲ್ಲಿ ಈ ಲೆಕ್ಕವೆಲ್ಲ ಮುಗಿಯುತ್ತದೆ. ಹಿಂದೆ ಗತಿಸಿದವರ ಠೇವಣಿಯ ಸುಳಿವು ಸಿಕ್ಕದವರಿಗೆ ರಿಜರ್ವ್ ಬ್ಯಾಂಕು ೨೦೨೩ರಲ್ಲಿ ‘ಉದ್ಗಮ್’ ಎಂಬ ಜಾಲತಾಣವನ್ನು ತೆರೆದಿದೆ. ಖಾತೆದಾರರ ಹೆಸರನ್ನು ಕೊಟ್ಟು ಹಲವು ಬ್ಯಾಂಕುಗಳಲ್ಲಿ ಒಮ್ಮೆಗೇ ಹುಡುಕಬಹುದು. ನಿಧಿಗೆ ಸೇರಿದ ಹಣವನ್ನೂ ವಾರಸುದಾರರು ಬ್ಯಾಂಕಿನ ಮೂಲಕ ಕೇಳಿ ಪಡೆಯಬಹುದು.